ವೋಟು ಊರಲ್ಲಿ, ದುಡಿಮೆ ಇಲ್ಲಿ

ಗಾರ್ಮೆಂಟ್ಸ್ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ,

ನಾನು ಕಾಲರ್ ಹೊಲಿಯುವವಳು. ಜ್ವರ ಬಂದ ಒಂದು ದಿನ ಗಂಟೆಯ ಟಾರ್ಗೆಟ್ ಮುಟ್ಟಲಿಲ್ಲ. "ಆಗಲ್ಲ ಅಂದ್ರೆ ಹೋಗಮ್ಮ, ಗೇಟ್ ಹತ್ರ ಬೇಕಾದಷ್ಟು ಜನ ನಿಂತಿದ್ದಾರೆ" ಅಂದರು ಸೂಪರ್‌ವೈಸರ್. ಪಕ್ಕದ ಮಿಷಿನ್ನಿನ ಹುಡುಗಿ ಒಡಿಶಾದವಳು, ಹಾಸ್ಟೆಲಿನಲ್ಲಿದ್ದಾಳೆ. ಕನ್ನಡ ಇನ್ನೂ ಸರಿಯಾಗಿ ಬಾರದು. ಆದರೂ ಆ ಮಾತಿಗೆ ಅವಳೂ ತಲೆ ತಗ್ಗಿಸಿ ಇನ್ನಷ್ಟು ಜೋರಾಗಿ ಹೊಲಿದಳು.

140 ಕೋಟಿ ದಾಟಿದ ದೇಶ ನಮ್ಮದು. ದುಡಿಯುವ ಕೈ ಹೆಚ್ಚಿದ್ದು ಕೆಲಸ ಕಡಿಮೆಯಿದ್ದರೆ ಮಾಲೀಕರ ಮಾತೇ ನಡೆಯುತ್ತದೆ, ನಿಜ. ಆದರೆ ಎಲ್ಲಕ್ಕೂ ಜನಸಂಖ್ಯೆಯೇ ಕಾರಣ ಎಂದು ನಾನು ಒಪ್ಪುವುದಿಲ್ಲ. 2023ರ ಫೆಬ್ರುವರಿಯಲ್ಲಿ ನಮ್ಮ ವಿಧಾನಸಭೆ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ದಿನಕ್ಕೆ 12 ಗಂಟೆ ದುಡಿಸಲು ದಾರಿ ಮಾಡಿತು. ಏಪ್ರಿಲ್‌ನಲ್ಲಿ ತಮಿಳುನಾಡು ಕೂಡ ಅಂಥದ್ದೇ ಮಸೂದೆ ಪಾಸು ಮಾಡಿತು. ಅಲ್ಲಿ ಕಾರ್ಮಿಕ ಸಂಘಗಳು ತಿರುಗಿಬಿದ್ದವು, ಆಳುವ ಪಕ್ಷದ ಜೊತೆಗಾರ ಪಕ್ಷಗಳೇ ಸದನದಿಂದ ಎದ್ದು ನಡೆದವು. ಮೇ 1ರಂದು ಮುಖ್ಯಮಂತ್ರಿ ಸ್ಟಾಲಿನ್ ಮಸೂದೆ ವಾಪಸ್ ಎಂದರು. ಕೆಲಸಕ್ಕೆ ಕಾಯುವವರು ಅಲ್ಲೇನು ಕಡಿಮೆಯೇ?

ವಾರಕ್ಕೆ 48 ಗಂಟೆಯ ಮಿತಿ ಇದೆಯಲ್ಲ, ಮೂರು ದಿನ ರಜೆ ಸಿಗುತ್ತದಲ್ಲ ಎನ್ನುತ್ತಾರೆ. 12 ಗಂಟೆ ಮಿಷಿನ್ ತುಳಿದು, ಬಸ್ಸು ಹಿಡಿದು ಮನೆ ಸೇರಿ, ಆಮೇಲೆ ಅಕ್ಕಿ ತೊಳೆಯುವವಳು ಮಗುವನ್ನು ನೋಡುವುದು ಅದು ಮಲಗಿದ ಮೇಲೆಯೇ.

ಇಲ್ಲಿ ನಮ್ಮ ಕಷ್ಟ ಯಾರೂ ಕೇಳುವುದಿಲ್ಲ ಏಕೆ? ನಮ್ಮಲ್ಲಿ ಎಷ್ಟೋ ಜನರ ವೋಟು ರಾಯಚೂರಲ್ಲೋ ಕಲಬುರಗಿಯಲ್ಲೋ ಜಾರ್ಖಂಡಲ್ಲೋ ಇದೆ. ಹಾಗಾಗಿ ಫ್ಯಾಕ್ಟರಿ ಇರುವ ಕ್ಷೇತ್ರದ ಶಾಸಕರಿಗೆ ನಾವು ಲೆಕ್ಕಕ್ಕಿಲ್ಲ.

ಆದರೂ ಒಟ್ಟಾಗಿ ನಿಂತಾಗ ಏನಾಯಿತೆಂದು ನೆನಪಿದೆಯೇ? ಪಿ.ಎಫ್.ನಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು. 2016ರ ಏಪ್ರಿಲ್ 18, 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ರಸ್ತೆಗಿಳಿದರು. ಲಾಠಿ ಏಟು ಬಿತ್ತು. ಬಸ್ಸುಗಳೂ ಸುಟ್ಟವು, ಅದು ಆಗಬಾರದಿತ್ತು. 19ರಂದೇ ನಿಯಮ ವಾಪಸಾಯಿತು.

ಹೆಸರನ್ನು ಇಲ್ಲಿನ ಮತದಾರರ ಪಟ್ಟಿಗೆ ಬದಲಾಯಿಸಿಕೊಳ್ಳಲು ನಮೂನೆ 8 ತುಂಬಿ ಕೊಡಿ. ಊರಿನ ವೋಟು ಬಿಡಬೇಕಾಗುತ್ತದೆ, ಆ ಸಂಕಟ ನನಗೂ ಇತ್ತು. ಯೂನಿಯನ್ ಸೇರಿ. ವೋಟು ಕೇಳಲು ಬಂದವರು ಯಾವ ಪಕ್ಷದವರೇ ಆಗಲಿ, ಬಾಗಿಲಲ್ಲೇ ನಿಲ್ಲಿಸಿ ಕೇಳಿ: 8 ಗಂಟೆಯ ದುಡಿಮೆ ಉಳಿಸಲು ಸದನದಲ್ಲಿ ಕೈ ಎತ್ತುತ್ತೀರಾ?