ಓಟಿನ ಹಕ್ಕು ಕಂದಾಯದ ರಸೀದಿಯಲ್ಲಿದ್ದ ಕಾಲ
ದುದ್ದ ಗ್ರಾಮದ ಅಂಗಡಿ ಜಗುಲಿ ಮೇಲೆ ಚುನಾವಣೆ ಲೆಕ್ಕಾಚಾರ ಶುರುವಾದರೆ ಟೀ ಆರಿದರೂ ಮಾತು ಆರುವುದಿಲ್ಲ. ಯಾರ ಜಾತಿ ಓಟು ಎಷ್ಟು, ಹೊಳೆನರಸೀಪುರದ ರಾಜಕೀಯ ಮನೆತನದವರು ಈ ಸಲ ಏನು ಮಾಡ್ತಾರೆ, ಎಲ್ಲವೂ ಬೆರಳ ತುದಿಯಲ್ಲೇ. ನೂರು ವರ್ಷದ ಹಿಂದಿನ ಚುನಾವಣೆಗೆ ಇಷ್ಟು ಸದ್ದಿರಲಿಲ್ಲ ಬಿಡಿ. ದಿವಾನ್ ರಂಗಾಚಾರ್ಲು 1881ರಲ್ಲಿ ದಸರೆಗೆ ಕೂಡಿಸಿದ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಮೊದಮೊದಲು ಬಂದವರು ನಾಮಕರಣಗೊಂಡವರೇ. ಚುನಾವಣೆ ಬಂದದ್ದು ಮುಂದಿನ ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1891ರ ಸುಮಾರಿಗೆ. ಆಗಲೂ ಓಟು ಹಾಕಬೇಕಾದರೆ ವಯಸ್ಸು ಮಾತ್ರ ಸಾಲದು, ಇಂತಿಷ್ಟು ಕಂದಾಯ ಕಟ್ಟುವವನಾಗಿರಬೇಕು, ಇಲ್ಲವೇ ಪದವೀಧರನಾಗಿರಬೇಕು. ಎರಡೆಕರೆ ರಾಗಿ ಹೊಲದವನ ಹೆಸರು ಶಾನುಭೋಗರ ಖಾತೆಯಲ್ಲಿ ಇದ್ದೀತು, ಮತದಾರರ ಪಟ್ಟಿಯಲ್ಲಿ ಇರುತ್ತಿರಲಿಲ್ಲ. ಹೀಗೆ ಗೆದ್ದು ಹೋದವರು ಸಭೆಯಲ್ಲಿ ಕೆರೆ, ಕಂದಾಯ, ರಸ್ತೆಗಳ ಅಹವಾಲು ಹೇಳಬಹುದಿತ್ತು. ಕೇಳುವುದು, ಬಿಡುವುದು ದಿವಾನರ ಚಿತ್ತ.  1923ರ ಕಾಯಿದೆ ಸಭೆಗೆ ಶಾಸನದ ಬಲ ಕೊಟ್ಟಿತು, ಓಟು ಹಾಕಲು ಹೆಂಗಸರಿಗಿದ್ದ ಅಡ್ಡಿಯನ್ನೂ ತೆಗೆಯಿತು. ಆಸ್ತಿಯ ಷರತ್ತು ಮಾತ್ರ ಹಾಗೇ ಉಳಿಯಿತು. ಜಮೀನು ಗಂಡನ ಹೆಸರಲ್ಲಿರುವಾಗ ದುದ್ದದ ಎಷ್ಟು ಗೃಹಿಣಿಯರಿಗೆ ಆ ಹಕ್ಕು ದಕ್ಕಿರಬಹುದು? ಕಂದಾಯದ ರಸೀದಿ ಕೇಳದೆ ಎಲ್ಲರಿಗೂ ಓಟು ಸಿಕ್ಕಿದ್ದು 1952ರ ಚುನಾವಣೆಯಲ್ಲೇ.