ಡಿಕ್ಕಿಯಾದ ನಾಯಿ: ಮೂತ್ರ ಹೋದರೂ ನಂಬುವಂತಿಲ್ಲ

ಕಾಸರಗೋಡು: 2025ರ ಸುಪ್ರೀಂ ಕೋರ್ಟ್ ಆದೇಶದ ಬಳಿಕ ನಾಯಿ ಕಡಿತದ ಚರ್ಚೆ ಊರೂರಲ್ಲಿ ನಡೆದಿದೆ. ಪೆಟ್ಟು ತಿಂದ ನಾಯಿಯ ಚಿಕಿತ್ಸೆ ಮಾತ್ರ ಮಾತಿಗೇ ಬಂದಿಲ್ಲ.

ತಲಪಾಡಿ-ಚೆಂಗಳ ನಡುವಿನ ಆರು ಪಥದ ಹೆದ್ದಾರಿಯಲ್ಲಿ ವಾಹನಗಳ ಓಟ ಜೋರು. ಡಿಕ್ಕಿಯಾದ ಸಾಕುನಾಯಿ ಕುಂಟುತ್ತ ಮನೆ ಸೇರಿದರೆ "ಕಾಲಿಗೆ ಪೆಟ್ಟು, ಎರಡು ದಿನದಲ್ಲಿ ಸರಿಯಾಗ್ತದೆ" ಎಂದು ಬಿಡುವವರೇ ಹೆಚ್ಚು. ಆದರೆ ಸೊಂಟದ ಮೂಳೆ ಮುರಿದಾಗ ಮೂತ್ರಚೀಲ ಒಡೆಯಬಹುದು. ಗಂಡು ನಾಯಿಗಾದರೆ ಮೂತ್ರನಾಳವೂ ಹರಿಯಬಹುದು. ಚೀಲ ಒಡೆದ ನಾಯಿಯೂ ಒಂದಿಷ್ಟು ಮೂತ್ರ ಮಾಡೀತು. ಉಳಿದದ್ದು ಹೊಟ್ಟೆಯೊಳಗೆ ಸೋರುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತ ತಪ್ಪುತ್ತದೆ. ವಾಂತಿ, ಮಂಕು, ಹೊಟ್ಟೆಯುಬ್ಬರ ಕಾಣಲು ಒಂದೆರಡು ದಿನ ಹಿಡಿಯುವುದುಂಟು.

ಇಂಥ ನಾಯಿಗೆ ತಂದ ಕೂಡಲೇ ಶಸ್ತ್ರಕ್ರಿಯೆ ಮಾಡುವುದಿಲ್ಲ. ಮೊದಲು ಸಲೈನ್ ಹಾಕಿ, ಸೋರಿದ ಮೂತ್ರ ಹೊರತೆಗೆಯಬೇಕು. ಚೇತರಿಸಿದ ಮೇಲೆ ಅರಿವಳಿಕೆ. ನಾಳದ ಸಣ್ಣ ಹರುಕು ಟ್ಯೂಬ್ ಇಟ್ಟರೆ ಮಾಯುತ್ತದೆ, ದೊಡ್ಡದಕ್ಕೆ ಹೊಲಿಗೆಯೇ ಬೇಕು. ಹರಿದ ಜಾಗ ತಿಳಿಯಲು ಔಷಧ ತುಂಬಿಸಿ ಎಕ್ಸ್‌ರೇ ತೆಗೆಯಬೇಕಾಗುತ್ತದೆ.

ಕೇರಳದ ಎರಡು ಪಶುವೈದ್ಯ ಕಾಲೇಜುಗಳಿರುವುದು ಮಣ್ಣುತ್ತಿ ಮತ್ತು ಪೂಕೋಡಿನಲ್ಲಿ. ಮಂಜೇಶ್ವರ, ಕುಂಬಳೆಯವರಿಗೆ ಮಂಗಳೂರೇ ಹತ್ತಿರ. ಎಕ್ಸ್‌ರೇ, ಶಸ್ತ್ರಕ್ರಿಯೆ ಎರಡೂ ಉಂಟೋ ಎಂದು ಫೋನ್ ಮಾಡಿ ಕೇಳಿಯೇ ಹೊರಡುವುದು ಲೇಸು. ನೋವಿಗೆಂದು ಮನೆಯಲ್ಲಿರುವ ಡೈಕ್ಲೋಫೆನಾಕ್ ಮಾತ್ರೆ ಕೊಡಲೇಬಾರದು, ಅದು ನಾಯಿಯ ಮೂತ್ರಪಿಂಡವನ್ನೇ ಕೆಡಿಸುತ್ತದೆ.