ರೈತನ ಜೇಬಿನಲ್ಲೊಂದು ಮಡಿಚುವ ಚಾಕು

ಬೇಸಾಯದ ಉಪಕರಣಗಳೆಂದೊಡನೆ ನಮ್ಮ ಗಮನ ಟ್ರ್ಯಾಕ್ಟರ್, ಟಿಲ್ಲರ್, ಸಿಂಪರಣಾ ಯಂತ್ರಗಳತ್ತ ಹರಿಯುತ್ತದೆ. ಅವುಗಳಿಗೆ ಸಹಾಯಧನವುಂಟು, ಪ್ರಾತ್ಯಕ್ಷಿಕೆಯುಂಟು, ಮೇಳಗಳಲ್ಲಿ ಮಳಿಗೆಯುಂಟು. ಆದರೆ ದಿನಕ್ಕೆ ಹತ್ತಾರು ಬಾರಿ ಬೇಕಾಗುವ ಒಂದು ಸಣ್ಣ ಚಾಕುವಿನ ಬಗ್ಗೆ ವಿಸ್ತರಣಾ ಸಾಹಿತ್ಯದಲ್ಲಿ ಒಂದು ಪುಟ ಸಿಗುವುದೂ ಅಪರೂಪ. ಪ್ರತಿಯೊಬ್ಬ ಬೇಸಾಯಗಾರನ ಜೇಬಿನಲ್ಲೂ, ಹೊಲಕ್ಕೆ ಹೋಗುವ ಹೆಣ್ಣುಮಕ್ಕಳ ಮಡಿಲಲ್ಲೂ ಒಳ್ಳೆಯ ಮಡಿಚುವ ಚಾಕು ಒಂದಿರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ನಡೆಯುತ್ತಿರುವುದೇನು? ಗೊಬ್ಬರದ ಚೀಲದ ಹೊಲಿಗೆಯನ್ನು ಹಲ್ಲಿನಿಂದ ಕೀಳುತ್ತೇವೆ. ಹನಿ ನೀರಾವರಿಯ ಕೊಳವೆಯನ್ನು ಮಚ್ಚಿನಿಂದ ಕಡಿಯುತ್ತೇವೆ. ತುದಿ ಓರೆಯಾಗಿ ಜೋಡಣೆಯಲ್ಲಿ ನೀರು ಸೋರುತ್ತದೆ. ಕಸಿ ಕಟ್ಟಲು ಕ್ಷೌರದ ಬ್ಲೇಡಿನ ತುಂಡು ಹುಡುಕುತ್ತೇವೆ. ಬ್ಲೇಡು ಹರಿತವೇನೋ ಹೌದು, ಆದರೆ ಹಿಡಿಯಿಲ್ಲದ ಅದು ಬಲಿತ ಕಡ್ಡಿಗೆ ಸಿಕ್ಕಾಗ ಬಾಗುತ್ತದೆ, ಕೆಲವೊಮ್ಮೆ ಮುರಿದು ಬೆರಳಿಗೆ ಹೊಕ್ಕುತ್ತದೆ. ಮಚ್ಚು, ಕುಡುಗೋಲುಗಳು ತಮ್ಮ ಕೆಲಸಕ್ಕೆ ಸರಿಯೇ; ಸೂಕ್ಷ್ಮ ಕೆಲಸಕ್ಕೆ ಅವು ಹುಟ್ಟಿಲ್ಲ.

ರೋಗ ಗುರುತಿಸುವುದಕ್ಕೂ ಚಾಕು ಬೇಕು. ಟೊಮ್ಯಾಟೊ ಗಿಡ ಹಸಿರಾಗಿರುವಂತೆಯೇ ಬಾಡಿತೆನ್ನಿ. ಬುಡದ ಹತ್ತಿರದ ಕಾಂಡವನ್ನು ನುಣುಪಾಗಿ ಕತ್ತರಿಸಿ, ತಿಳಿನೀರಿರುವ ಗಾಜಿನ ಲೋಟದಲ್ಲಿ ತುದಿ ಮುಳುಗುವಂತೆ ಅಲುಗಾಡಿಸದೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಹಾಲಿನಂತಹ ಎಳೆ ಇಳಿದರೆ ಅದು ದುಂಡಾಣು ಸೊರಗು ರೋಗ. ಶಿಲೀಂಧ್ರನಾಶಕಕ್ಕೆ ಹಣ ಸುರಿಯುವ ಮೊದಲು ಮಾಡಬಹುದಾದ ಈ ಪರೀಕ್ಷೆಗೆ ಬೇಕಾದದ್ದು ಲೋಟ ಮತ್ತು ಹರಿತವಾದ ಚಾಕು ಮಾತ್ರ.

ಕೊಳ್ಳುವಾಗ ಮೊದಲು ನೋಡಬೇಕಾದದ್ದು ಬೀಗ. ತೆರೆದ ಅಲಗು ತಾನಾಗಿ ಮಡಿಚಿಕೊಳ್ಳದಂತೆ ತಡೆಯುವ ವ್ಯವಸ್ಥೆ ಇಲ್ಲದ ಚಾಕು ಎಷ್ಟೇ ಅಂದವಾಗಿದ್ದರೂ ಹೊಲದ ಕೆಲಸಕ್ಕೆ ಬೇಡ. ಒದ್ದೆ ಕೈಯಲ್ಲಿ ಒತ್ತಿ ಕೊರೆಯುವಾಗ ಅದು ಮಡಿಚಿಕೊಳ್ಳುವುದು ನಿಮ್ಮ ಬೆರಳುಗಳ ಮೇಲೆಯೇ. ಅಂಗಡಿಯಲ್ಲಿಯೇ ಅಲಗನ್ನು ತೆರೆದು, ಬೆರಳುಗಳನ್ನು ದೂರವಿಟ್ಟುಕೊಂಡು, ಅದರ ಬೆನ್ನನ್ನು ಮೇಜಿನ ಅಂಚಿಗೆ ಮೆಲ್ಲಗೆ ಬಡಿದು ನೋಡಿ. ಬೀಗ ಬಿಟ್ಟುಕೊಂಡರೆ ಚಾಕುವನ್ನು ಅಲ್ಲಿಯೇ ಬಿಟ್ಟು ಬನ್ನಿ. ಅಲಗು ಅತ್ತಿತ್ತ ಅಲುಗಾಡಬಾರದು. ಉದ್ದ 7ರಿಂದ 9 ಸೆಂ.ಮೀ., ಬೆನ್ನಿನ ದಪ್ಪ ಸುಮಾರು 2 ಮಿ.ಮೀ. ಇದ್ದರೆ ಸಾಕು. ಇದಕ್ಕಿಂತ ದಪ್ಪದ ಅಲಗು ಕತ್ತರಿಸುವುದಿಲ್ಲ, ಸೀಳುತ್ತದೆ.

ಫ್ರಾನ್ಸಿನ ಸವಾಯ್ ಪ್ರಾಂತದಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ಎಂಬಾತ ಮಾಡತೊಡಗಿದ ಮಡಿಚುವ ಚಾಕು ಇಂದಿಗೂ ಹೆಚ್ಚು ಬದಲಾಗದೆ ತಯಾರಾಗುತ್ತಿದೆ. ಮರದ ಹಿಡಿ, ತೆಳುವಾದ ಅಲಗು, ಒಂದು ಮೊಳೆ, ಅಷ್ಟೆ. ಅಲಗನ್ನು ಬಿಗಿಯುವ ತಿರುಗು ಉಂಗುರ ಸೇರಿದ್ದು 1955ರಲ್ಲಿ. ಹಳ್ಳಿಯ ದುಡಿಮೆಗಾರರ ಜೇಬಿನಲ್ಲಿ ಬೆಳೆದ ಚಾಕುವಾದ್ದರಿಂದ ಅದರಲ್ಲಿ ಅನಾವಶ್ಯಕವಾದದ್ದು ಏನೂ ಇಲ್ಲ. ಅದನ್ನೇ ಕೊಳ್ಳಿರೆಂದು ನಾನು ಹೇಳುತ್ತಿಲ್ಲ. ಒಳ್ಳೆಯ ಚಾಕು ಸರಳವಾಗಿರುತ್ತದೆ ಎಂಬುದಕ್ಕೆ ಅದು ಮಾದರಿ. ಕತ್ತರಿ, ಗರಗಸ, ತಿರುಪುಳಿ ಎಲ್ಲವನ್ನೂ ಒಂದೇ ಹಿಡಿಯಲ್ಲಿ ತುರುಕಿದ ಅಗ್ಗದ ಚಾಕುಗಳು ಮಕ್ಕಳಿಗೆ ಖುಷಿ ಕೊಡಬಹುದು. ಅವುಗಳ ಹಿಡಿ ಅಂಗೈಗೆ ಕೂರುವುದಿಲ್ಲ, ಸಂದಿಗಳಲ್ಲಿ ಮಣ್ಣು ಸೇರುತ್ತದೆ.

ಇನ್ನು ಉಕ್ಕಿನ ಮಾತು. ತುಕ್ಕು ಹಿಡಿಯದ ಉಕ್ಕೇ ಮೇಲು ಎಂಬ ಭಾವನೆ ಎಲ್ಲೆಡೆ ಇದೆ. ಇದು ಅರ್ಧ ಸತ್ಯ. ತುಕ್ಕು ನಿರೋಧಕ ಉಕ್ಕಿನಲ್ಲಿ ಶೇ. 10.5ಕ್ಕೂ ಹೆಚ್ಚು ಕ್ರೋಮಿಯಂ ಇರುತ್ತದೆ. ಅದು ತುಕ್ಕನ್ನು ತಡೆಯುತ್ತದೆಯೇ ಹೊರತು ಹರಿತವನ್ನು ಕೊಡುವುದಿಲ್ಲ. ಹರಿತ ನಿಲ್ಲುವುದು ಇಂಗಾಲದ ಪ್ರಮಾಣದಿಂದ ಮತ್ತು ಹದ ಹಾಕಿದ ರೀತಿಯಿಂದ. ಅಗ್ಗದ ಹೊಳೆಯುವ ಚಾಕುಗಳಲ್ಲಿ ಇವೆರಡೂ ಕಡಿಮೆ. ಸಾದಾ ಇಂಗಾಲದ ಉಕ್ಕು ಬೇಗ ಕಪ್ಪಾಗುತ್ತದೆ. ಎಳೆ ಅಡಿಕೆ, ಮಾವು, ಬಾಳೆಯ ರಸ ತಗುಲಿದರಂತೂ ಒಂದೇ ದಿನದಲ್ಲಿ ಬಣ್ಣ ತಿರುಗುತ್ತದೆ. ಆ ಕಪ್ಪಿಗೆ ಹೆದರಬೇಕಾಗಿಲ್ಲ, ಕೆಂಪು ತುಕ್ಕನ್ನು ಮಾತ್ರ ಬೆಳೆಯಗೊಡಬಾರದು. ಇಂತಹ ಉಕ್ಕನ್ನು ಸಾಧಾರಣ ಸಾಣೆಕಲ್ಲಿನ ಮೇಲೆ ಹತ್ತು ನಿಮಿಷದಲ್ಲಿ ಹರಿತಗೊಳಿಸಬಹುದು. ಬಯಲುಸೀಮೆಯ ರೈತರಿಗೆ ನಾನು ಇದನ್ನೇ ಶಿಫಾರಸು ಮಾಡುತ್ತೇನೆ. ಮಲೆನಾಡು, ಕರಾವಳಿಯ ಮಳೆಗಾಲಕ್ಕೆ ಒಳ್ಳೆಯ ತಯಾರಿಕೆಯ ತುಕ್ಕು ನಿರೋಧಕ ಅಲಗು ಆಗಬಹುದು. ಗಡಸುತನ ತಿಳಿಯಲು ಅಲಗಿನ ಬುಡದಲ್ಲಿ ಸಣ್ಣ ಅರವನ್ನು ಒಮ್ಮೆ ಎಳೆದು ನೋಡಿ. ಅರ ಬಹುಮಟ್ಟಿಗೆ ಜಾರಿದರೆ ಉಕ್ಕು ಗಟ್ಟಿ. ಮೆತ್ತನೆಯ ಕಬ್ಬಿಣವನ್ನು ತಿಂದಂತೆ ತಿಂದರೆ ಅದು ತಗಡು.

ಕೊಂಡ ಚಾಕುವನ್ನು ಹಾಗೆಯೇ ಬಳಸಬೇಕೆಂಬ ನಿಯಮವೇನೂ ಇಲ್ಲ. ನಮ್ಮ ಹಿರಿಯರು ನೇಗಿಲಿನ ಮೇಣಿಯನ್ನು ತಮ್ಮ ಕೈಗೆ ತಕ್ಕಂತೆ ಕೆತ್ತಿಸಿಕೊಳ್ಳುತ್ತಿದ್ದರು. ಚಾಕುವಿಗೂ ಅದೇ ನ್ಯಾಯ. ಮರದ ಹಿಡಿಯ ಮೇಲಿನ ಹೊಳಪಿನ ಲೇಪ ಬೆವರಿಗೆ ಜಾರುತ್ತದೆ. ಉಜ್ಜುಕಾಗದದಿಂದ ಅದನ್ನು ತೆಗೆದು, ಅಗಸೆ ಎಣ್ಣೆಯನ್ನು ತೆಳುವಾಗಿ ಹಚ್ಚಿ ಒಣಗಿಸಿ. ಹೀಗೆ ಮೂರು ನಾಲ್ಕು ಬಾರಿ ಮಾಡಿ. ಹಿಡಿತ ಬಿಗಿಯಾಗುತ್ತದೆ, ಮಳೆಯಲ್ಲಿ ಮರ ಉಬ್ಬಿ ಅಲಗು ಸಿಕ್ಕಿಕೊಳ್ಳುವುದೂ ಕಡಿಮೆಯಾಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆಯ ಬಟ್ಟೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು, ಹರಡಿ ಒಣಗಿಸಿ. ಹಿಡಿಯ ತುದಿಗೆ ರಂಧ್ರ ಕೊರೆದು ಕೆಂಪು ದಾರ ಕಟ್ಟಿದರೆ ಹುಲ್ಲಿನಲ್ಲಿ ಬಿದ್ದ ಚಾಕು ಕಣ್ಣಿಗೆ ಬೀಳುತ್ತದೆ. ಹಸಿರು ಹಿಡಿಯ ಚಾಕು ಮಾಡುವವರು ಎಂದಾದರೂ ಹೊಲಕ್ಕೆ ಹೋಗಿದ್ದಾರೆಯೇ ಎಂದು ನನಗೆ ಅನುಮಾನ. ದನಕರುಗಳ ನಡುವೆ ಕೆಲಸ ಮಾಡುವವರು ಮೊನೆಯನ್ನು ತುಸು ದುಂಡಗೆ ಉಜ್ಜಿಸಿಕೊಳ್ಳುವುದು ಕ್ಷೇಮ.

ಕಸಿಗೆ ಮೀಸಲಾದ ಚಾಕುವಿನ ಬಾಯಿಯನ್ನು ಒಂದು ಮಗ್ಗುಲಿಗೆ ಮಾತ್ರ ಇಳಿಜಾರಾಗಿ, ಇನ್ನೊಂದು ಮಗ್ಗುಲು ಸಮತಟ್ಟಾಗಿರುವಂತೆ ಉಜ್ಜಬೇಕು. ಸಮತಟ್ಟಾದ ಮಗ್ಗುಲು ಕಸಿಕಡ್ಡಿಗೆ ಒರಗಿ ಸಾಗಿದಾಗ ಕತ್ತರಿಸಿದ ಮುಖ ಹಲಗೆಯಂತೆ ಚಪ್ಪಟೆಯಾಗಿ ಬರುತ್ತದೆ. ಬೇರುಸಸಿಯ ಮತ್ತು ಕಡ್ಡಿಯ ಬೆಳೆಯುವ ಪದರಗಳು ಒಂದಕ್ಕೊಂದು ಕೂಡುವುದು ಆಗಲೇ. ಮುಖ ಉಬ್ಬುತಗ್ಗಾಗಿದ್ದರೆ ನಡುವೆ ಸಂದಿ ಉಳಿದು ಕಸಿ ಒಣಗುತ್ತದೆ. ಬಲಗೈಯವರ ಚಾಕು ಎಡಗೈಯವರಿಗೆ ಒಗ್ಗುವುದಿಲ್ಲ; ಅವರು ಮಗ್ಗುಲು ಬದಲಿಸಿ ಉಜ್ಜಿಸಿಕೊಳ್ಳಬೇಕು. ಇತರ ಕೆಲಸಗಳ ಚಾಕುವಿಗೆ ಎರಡೂ ಮಗ್ಗುಲು 15ರಿಂದ 20 ಡಿಗ್ರಿ ಕೋನ ಸರಿಯಾದದ್ದು. ಅಲಗಿನ ಅಗಲ 2 ಸೆಂ.ಮೀ. ಇದ್ದರೆ, ಬೆನ್ನನ್ನು ಕಲ್ಲಿನಿಂದ ಸುಮಾರು 5 ಮಿ.ಮೀ. ಎತ್ತಿ ಹಿಡಿದಾಗ 15 ಡಿಗ್ರಿ ಬರುತ್ತದೆ.

ಈ ಕೆಲಸವನ್ನು ವಿದ್ಯುತ್ ಸಾಣೆಯ ಚಕ್ರಕ್ಕೆ ಕೊಡಬೇಡಿ. ಕಿಡಿ ಹಾರುತ್ತಿರುವಾಗ ತೆಳುವಾದ ಬಾಯಿ ಕ್ಷಣಮಾತ್ರದಲ್ಲಿ ಕಾಯುತ್ತದೆ. ಇಂಗಾಲದ ಉಕ್ಕು ಸುಮಾರು 300 ಡಿಗ್ರಿ ಸೆಂಟಿಗ್ರೇಡಿಗೆ ನೀಲಿ ಬಣ್ಣಕ್ಕೆ ತಿರುಗುತ್ತದೆ. ಅಷ್ಟಾದರೆ ಹದ ಇಳಿದು ಬಾಯಿ ಮೆತ್ತಗಾಯಿತೆಂದೇ ಅರ್ಥ. ಆಮೇಲೆ ಎಷ್ಟು ಮಸೆದರೂ ಹರಿತ ಒಂದು ಗಂಟೆ ನಿಲ್ಲುವುದಿಲ್ಲ. ನೀರು ಹಾಕುತ್ತಾ ಕಲ್ಲಿನ ಮೇಲೆ ಕೈಯಲ್ಲೇ ಉಜ್ಜುವುದು ನಿಧಾನವಾದರೂ ಸರಿಯಾದ ದಾರಿ.

ಚಾಕು ಗಿಡದಿಂದ ಗಿಡಕ್ಕೆ ರೋಗವನ್ನೂ ಹೊತ್ತೊಯ್ಯುತ್ತದೆ. ಇದನ್ನು ನಮ್ಮವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ದಾಳಿಂಬೆಯ ದುಂಡಾಣು ಅಂಗಮಾರಿ, ಕಬ್ಬಿನ ಕೂಳೆ ಕುಂಠಿತ ರೋಗ, ನಿಂಬೆ ಜಾತಿಯ ಎಕ್ಸೋಕಾರ್ಟಿಸ್ ಇವು ಕತ್ತರಿಸುವ ಉಪಕರಣಗಳ ಮೂಲಕ ಹರಡುತ್ತವೆ. ಒಂದು ರೋಗಿ ಗಿಡವನ್ನು ಮುಟ್ಟಿದ ಚಾಕು ಸಾಲಿನಲ್ಲಿರುವ ಮುಂದಿನ ಹತ್ತು ಗಿಡಗಳಿಗೆ ಸೋಂಕು ಹಚ್ಚಬಲ್ಲದು. ಬೆಂಕಿಯಲ್ಲಿ ಹಿಡಿದರೆ ಸಾಕೆಂಬ ನಂಬಿಕೆ ಎಕ್ಸೋಕಾರ್ಟಿಸ್ ವಿಷಯದಲ್ಲಿ ಸುಳ್ಳು. ಆ ರೋಗಕಾರಕ ಬಿಸಿಗೆ ಸುಲಭವಾಗಿ ಬಗ್ಗುವುದಿಲ್ಲ, ಚಾಕುವಿನ ಹದ ಮಾತ್ರ ಕೆಡುತ್ತದೆ. ಶೇ. 1ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅಲಗನ್ನು ಅದ್ದುವುದು ಉತ್ತಮ. ಅಂಗಡಿಯ ದ್ರಾವಣ ಶೇ. 4ರದಾಗಿದ್ದರೆ ಒಂದು ಪಾಲಿಗೆ ಮೂರು ಪಾಲು ನೀರು, ಶೇ. 5ರದಾಗಿದ್ದರೆ ನಾಲ್ಕು ಪಾಲು ಬೆರೆಸಿ. ದಿನವೂ ಹೊಸದಾಗಿ ಮಾಡಿಕೊಳ್ಳಿ. ಎರಡು ಚಾಕು ಇಟ್ಟುಕೊಂಡರೆ ಒಂದು ದ್ರಾವಣದಲ್ಲಿರುವಾಗ ಇನ್ನೊಂದು ಕೈಯಲ್ಲಿರುತ್ತದೆ. ಈ ದ್ರಾವಣ ಉಕ್ಕನ್ನು ತಿನ್ನುವುದರಿಂದ ಸಂಜೆ ತೊಳೆದು ಒರೆಸಿ, ಅಲಗಿಗೂ ಕೀಲಿಗೂ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಲೇಬೇಕು.

ಚಾಕು ಜೇಬಿನಲ್ಲಿದ್ದರೆ ಪೊಲೀಸರು ಹಿಡಿಯುವುದಿಲ್ಲವೇ ಎಂದು ಕೇಳುವವರಿದ್ದಾರೆ. 1959ರ ಶಸ್ತ್ರಾಸ್ತ್ರ ಕಾಯಿದೆಯಡಿಯ ನಿಯಮಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳನ್ನು. ಮನೆಬಳಕೆ, ಕೃಷಿ ಮುಂತಾದ ಉದ್ದೇಶಕ್ಕೆ ಮಾಡಿದವುಗಳನ್ನು ಅಲ್ಲಿಯೂ ಹೊರತುಪಡಿಸಿದೆ. ನಾನು ಹೇಳುತ್ತಿರುವುದು ಅದರ ಅರ್ಧದಷ್ಟೂ ಇಲ್ಲ. ಆದರೂ ಜಾತ್ರೆಗೋ, ಕೋರ್ಟಿಗೋ ಹೋಗುವ ದಿನ ಅದನ್ನು ಮನೆಯಲ್ಲಿಟ್ಟು ಹೋಗುವುದು ಜಾಣತನ. ಮಣ್ಣು ಮೆತ್ತಿದ ಅಲಗಿನಿಂದ ಗಾಯವಾದರೆ ಅರಿಶಿನ ಒತ್ತಿ ಸುಮ್ಮನಾಗದೆ, ಸೋಪಿನಿಂದ ತೊಳೆದು ಧನುರ್ವಾಯುವಿನ ಚುಚ್ಚುಮದ್ದಿಗಾಗಿ ಆಸ್ಪತ್ರೆಗೆ ಹೋಗಿ.

ಕಸಿ ತರಬೇತಿಗೆ ಬಂದ ರೈತರಿಗೆ ಫೈಲು, ಪೆನ್ನು, ಬಣ್ಣದ ಚೀಲ ಕೊಟ್ಟು ಕಳುಹಿಸುವ ಪದ್ಧತಿ ನಮ್ಮಲ್ಲಿದೆ. ಚೀಲವನ್ನು ಬಿಟ್ಟು ಆ ಹಣಕ್ಕೆ ಇನ್ನಷ್ಟು ಸೇರಿಸಿ ಒಂದೊಂದು ಚಾಕು, ಒಂದೊಂದು ಸಾಣೆಕಲ್ಲು ಕೊಡಬೇಕು. ಮೊದಲ ಅರ್ಧ ದಿನವನ್ನು ಭಾಷಣಕ್ಕೆ ಬದಲಾಗಿ ಮಸೆಯುವುದನ್ನು ಕಲಿಸಲು ಮೀಸಲಿಡಬೇಕು. ಹರಿತವಿಲ್ಲದ ಚಾಕುವಿನಿಂದ ಕಸಿ ಕಲಿಸಿದರೆ ರೈತ ಊರಿಗೆ ಹೋಗಿ ಕಟ್ಟಿದ ಕಸಿಗಳು ಒಣಗುತ್ತವೆ, ಅವನು ದೂರುವುದು ತಳಿಯನ್ನು.